ಎರಡು ಗಂಟೆಗೊಮ್ಮೆ ಮಗ್ಗುಲು

ಅಜ್ಜಿಯ ಸೊಂಟದ ಕೆಳಗೆ, ಬಾಲದ ಎಲುಬಿನ ಮೇಲೆ, ಐದು ರೂಪಾಯಿ ನಾಣ್ಯದಷ್ಟು ಜಾಗ ಕೆಂಪಾಗಿತ್ತು. ಪಾರ್ಶ್ವವಾಯು ಆಗಿ ಮಲಗಿದ್ದ ಅವರನ್ನು ನೋಡಿಕೊಳ್ಳುವ ಕೆಲಸಕ್ಕೆ ನಾನು ಆ ಮನೆಗೆ ಹೋಗಿ ಐದನೇ ದಿನ. ಬೆಳಿಗ್ಗೆ ಮೈ ಒರೆಸಲೆಂದು ಮಗ್ಗುಲು ತಿರುಗಿಸಿದಾಗ ಕಣ್ಣಿಗೆ ಬಿತ್ತು. ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟೆ. ಒತ್ತಿದ ಜಾಗ ಬಿಳಿಚಲಿಲ್ಲ. ಕೆಂಪು ಹಾಗೇ ನಿಂತಿತು. ನನ್ನ ಎದೆ ಧಸಕ್ಕೆಂದಿತು.

ಒತ್ತಿದಾಗ ಬಿಳಿಯಾಗಿ, ಬಿಟ್ಟಾಗ ಮತ್ತೆ ಕೆಂಪಾದರೆ ಅಲ್ಲಿ ರಕ್ತ ಓಡಾಡುತ್ತಿದೆ ಅಂತ ಲೆಕ್ಕ. ಬಿಳಿಯಾಗದಿದ್ದರೆ ಹಾಸಿಗೆ ಹುಣ್ಣಿನ, ಎಂದರೆ ಮಲಗಿದಲ್ಲೇ ಇರುವವರಿಗೆ ಒತ್ತಡದಿಂದ ಆಗುವ ಹುಣ್ಣಿನ, ಮೊದಲ ಮೆಟ್ಟಿಲು. ಮೇಲಿನ ಚರ್ಮ ಒಡೆದಿರುವುದಿಲ್ಲ, ಆದರೆ ಒಳಗೆ ಹಾನಿ ಶುರುವಾಗಿರುತ್ತದೆ. ನಮ್ಮ ಕಡೆಯ ಕಪ್ಪು ಮೈಬಣ್ಣದವರಲ್ಲಿ ಕೆಂಪು ಸರಿಯಾಗಿ ಕಾಣುವುದೂ ಇಲ್ಲ. ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿ, ನೇರಳೆಯಾಗಿ ಕಾಣಬಹುದು. ಮುಟ್ಟಿದರೆ ಬಿಸಿ ಇರಬಹುದು, ಗಟ್ಟಿ ಇರಬಹುದು. ಹಾಗಾಗಿ ಕಣ್ಣೊಂದನ್ನೇ ನಂಬಬಾರದು, ಬೆರಳೂ ಬೇಕು.

ಹೇಗಾಯಿತು ಎಂದು ಆ ದಿನವೆಲ್ಲ ಯೋಚಿಸಿದೆ. ಮೂರು ಕಾರಣ ಸಿಕ್ಕಿತು. ಮೂರರಲ್ಲೂ ನನ್ನ ಪಾಲಿತ್ತು.

ಒಂದು, ಏರ್ ಬೆಡ್. ಅಜ್ಜಿಯ ಮಗ ಮಂಗಳೂರಿನಿಂದ ತಂದು ಹಾಕಿಸಿದ್ದರು. ಸಾಲು ಸಾಲು ಗಾಳಿ ಚೀಲ. ಪಂಪ್ ಒಂದು ಸಾಲನ್ನು ಉಬ್ಬಿಸುತ್ತದೆ, ಇನ್ನೊಂದು ಸಾಲಿನ ಗಾಳಿ ಇಳಿಸುತ್ತದೆ. ಒಳ್ಳೆಯ ವಸ್ತು, ಇಲ್ಲ ಎನ್ನುವುದಿಲ್ಲ. ಆದರೆ ಅದು ಜೂನ್ ತಿಂಗಳು. ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಯಾರಿಗೆ ಗೊತ್ತು? ಹಿಂದಿನ ರಾತ್ರಿ ರಬ್ಬರ್ ತೋಟದಲ್ಲಿ ಮರ ಬಿದ್ದು ಕರೆಂಟ್ ಹೋಗಿತ್ತು. ಪಂಪ್ ನಿಂತಿತು, ಚೀಲಗಳ ಗಾಳಿ ಇಳಿಯಿತು, ಅಜ್ಜಿ ಕೆಳಗಿನ ಹಲಗೆಯ ಮೇಲೆ ಮಲಗಿದ ಹಾಗೆ ಆಯಿತು. ಏರ್ ಬೆಡ್ ಉಂಟಲ್ಲ ಎಂಬ ಧೈರ್ಯದಲ್ಲಿ ನಾನು ರಾತ್ರಿ ಒಮ್ಮೆ ಮಾತ್ರ ಮಗ್ಗುಲು ಬದಲಿಸಿದ್ದೆ.

ಎರಡನೆಯದು ದಿಂಬು. ಅಜ್ಜಿಗೆ ಚಾವಡಿಯ ಕಡೆ ನೋಡುವ ಆಸೆ. ಹಾಗಾಗಿ ತಲೆಯ ಕಡೆ ಮೂರು ದಿಂಬು ಪೇರಿಸಿ ಗಂಟೆಗಟ್ಟಲೆ ಕೂರಿಸುತ್ತಿದ್ದೆ. ಹಾಗೆ ಅರ್ಧ ಕೂತವರು ಮೆಲ್ಲಗೆ ಕೆಳಗೆ ಜಾರುತ್ತಾರೆ. ಚರ್ಮ ಹಾಸಿಗೆಗೆ ಅಂಟಿಕೊಂಡಿರುತ್ತದೆ, ಒಳಗಿನ ಎಲುಬು ಕೆಳಗೆ ಸರಿಯುತ್ತದೆ. ನಡುವಿನ ಸಣ್ಣ ರಕ್ತನಾಳಗಳು ಎಳೆದು ಹಿಂಡಿದ ಹಾಗಾಗುತ್ತವೆ. ಬರೀ ಒತ್ತಡಕ್ಕಿಂತ ಈ ಜಾರಾಟವೇ ಜಾಸ್ತಿ ಕೆಡಿಸುವುದುಂಟು. ಊಟದ ಹೊತ್ತು ಬಿಟ್ಟರೆ ತಲೆಭಾಗ ಮೂವತ್ತು ಡಿಗ್ರಿಗಿಂತ ಜಾಸ್ತಿ ಎತ್ತಬಾರದು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನನಗೆ ನೆನಪಿತ್ತು. ಅಜ್ಜಿಯ ಮುಖ ನೋಡಿ ಇಳಿಸಲು ಮನಸ್ಸಾಗಲಿಲ್ಲ.

ಮೂರನೆಯದು ತೆಂಗಿನೆಣ್ಣೆ. ಸೊಸೆ, ನಾನು ಅಕ್ಕ ಎಂದು ಕರೆಯುತ್ತಿದ್ದೆ, "ಅಲ್ಲಿ ಸ್ವಲ್ಪ ಎಣ್ಣೆ ಹಾಕಿ ತಿಕ್ಕು, ರಕ್ತ ಓಡಲಿ" ಎಂದಿದ್ದರು. ಒತ್ತಡ ಬಿದ್ದ ಜಾಗವನ್ನು ತಿಕ್ಕಬಾರದು. ಮೊದಲೇ ನೊಂದ ಒಳಗಿನ ಮಾಂಸ ಇನ್ನೂ ನೋಯುತ್ತದೆ. ಇದೂ ಗೊತ್ತಿತ್ತು. ಆದರೆ ಹೊಸ ಮನೆ, ಅವರು ದೊಡ್ಡವರು, ಬೇಡ ಎನ್ನಲು ಬಾಯಿ ಬರಲಿಲ್ಲ. ಎರಡು ದಿನ ತಿಕ್ಕಿದ್ದೆ.

ಆ ಸಂಜೆ ಅಕ್ಕನನ್ನು ಕರೆದು ಜಾಗ ತೋರಿಸಿದೆ. ಬೆರಳಲ್ಲಿ ಒತ್ತಿ ತೋರಿಸಿದೆ. ಅವರ ಕೈಯನ್ನೇ ಹಿಡಿದು ಒತ್ತಿಸಿದೆ. "ಅಕ್ಕ, ಇನ್ನು ಇಲ್ಲಿ ತಿಕ್ಕುವುದು ಬೇಡ, ಈ ಜಾಗ ಹಾಸಿಗೆಗೆ ತಾಗದ ಹಾಗೆ ನೋಡಿಕೊಳ್ಳುವ" ಎಂದೆ. ಅವರು ಒಪ್ಪಿದರು. ನೋಡಿದ ಮೇಲೆ ಯಾರೂ ಒಪ್ಪದೇ ಇರುವುದಿಲ್ಲ. ಮೊದಲ ದಿನವೇ ತೋರಿಸಿ ಹೇಳಬೇಕಿತ್ತು.

ನನ್ನ ಬಗ್ಗೆ ಸ್ವಲ್ಪ ಹೇಳುತ್ತೇನೆ. ನಮ್ಮ ಮನೆ ಬದಿಯಡ್ಕದ ಹತ್ತಿರ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ತರಬೇತಿ ಮಾಡಿದೆ, ಅಲ್ಲೇ ವಾರ್ಡಿನಲ್ಲಿ ಕೆಲವು ವರ್ಷ ಕೆಲಸ. ಆಮೇಲೆ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸ. ನಮ್ಮ ಕಡೆ ಇದಕ್ಕೆ ಹೋಮ್ ನರ್ಸ್ ಎನ್ನುತ್ತಾರೆ. ಆದರೆ ನಾನು ನರ್ಸ್ ಅಲ್ಲ. ಇದನ್ನು ಹೋದ ಮನೆಯಲ್ಲೆಲ್ಲ ಮೊದಲೇ ಹೇಳಿಬಿಡುತ್ತೇನೆ. ಇಂಜೆಕ್ಷನ್ ಕೊಡುವುದು, ಮೂತ್ರದ ನಳಿಗೆ ಹಾಕುವುದು, ಮೂಗಿನ ಟ್ಯೂಬ್ ಹಾಕುವುದು, ಔಷಧಿಯ ಪ್ರಮಾಣ ಬದಲಿಸುವುದು ನನ್ನ ಕೆಲಸ ಅಲ್ಲ. ಮೈ ತೊಳೆಯುವುದು, ಮಗ್ಗುಲು ಬದಲಿಸುವುದು, ಉಣಿಸುವುದು, ಎಬ್ಬಿಸಿ ಕೂರಿಸುವುದು, ಮಲಮೂತ್ರ ನೋಡುವುದು, ಜ್ವರ ಬಿಪಿ ನೋಡಿ ಬರೆದಿಡುವುದು ನನ್ನ ಕೆಲಸ. ಸಣ್ಣ ಕೆಲಸ ಅಂತ ಕೆಲವರು ಹೇಳುತ್ತಾರೆ. ಆ ಐದು ರೂಪಾಯಿ ನಾಣ್ಯದಷ್ಟು ಕೆಂಪನ್ನು ಬಿಟ್ಟರೆ ಅದು ಎಲುಬು ಕಾಣುವಷ್ಟು ಆಳ ಹೋಗಬಹುದು. ಅಂಥದ್ದನ್ನು ವಾರ್ಡಿನಲ್ಲಿ ನಾನು ನೋಡಿದ್ದೇನೆ. ವಾಸನೆ ಕೂಡ ಮರೆತಿಲ್ಲ.

ಸರಿ, ಮಗ್ಗುಲಿಗೆ ಬರುತ್ತೇನೆ. ಆ ದಿನದಿಂದ ಗೋಡೆಯ ಕ್ಯಾಲೆಂಡರಿನ ಪಕ್ಕ ಒಂದು ಹಾಳೆ ಅಂಟಿಸಿದೆ. 6 ಗಂಟೆ ಎಡ, 8 ಗಂಟೆ ಬಲ, 10 ಗಂಟೆ ಎಡ. ಸಾಮಾನ್ಯವಾಗಿ ನಡುವೆ ಅಂಗಾತ ಮಲಗಿಸುವುದೂ ಉಂಟು. ಆದರೆ ಬೆನ್ನ ಕೆಳಗೆ ಕೆಂಪಾದ ಕಾರಣ ಅಂಗಾತ ಪೂರ್ತಿ ಬಿಟ್ಟೆ. ಮಗ್ಗುಲು ಎಂದರೆ ನೆಟ್ಟಗೆ ಸೊಂಟದ ಎಲುಬಿನ ಮೇಲೆ ನಿಲ್ಲಿಸುವುದಲ್ಲ. ಹಾಗೆ ಮಾಡಿದರೆ ಸೊಂಟದ ಪಕ್ಕದಲ್ಲಿ ಇನ್ನೊಂದು ಹುಣ್ಣು ಏಳುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ಓರೆಯಾಗಿ, ಸುಮಾರು ಮೂವತ್ತು ಡಿಗ್ರಿ ಮಾತ್ರ ತಿರುಗಿಸಬೇಕು. ಸರಿಯಾಯಿತೋ ಇಲ್ಲವೋ ನೋಡಲು ಬಾಲದ ಎಲುಬಿನ ಕೆಳಗೆ ಕೈ ತೂರಿಸಿ ನೋಡುತ್ತೇನೆ. ಕೈ ಸಲೀಸಾಗಿ ಹೋದರೆ ಸರಿ. ಎರಡು ಮೊಣಕಾಲುಗಳ ನಡುವೆ ಒಂದು ದಿಂಬು. ಮೀನಖಂಡದ ಕೆಳಗೆ ಇನ್ನೊಂದು, ಹಿಮ್ಮಡಿ ಗಾಳಿಯಲ್ಲಿ ನಿಲ್ಲುವ ಹಾಗೆ. ಹಿಮ್ಮಡಿಯ ಕೆಳಗೆ ಒಂದು ಕಾಗದ ಎಲ್ಲೂ ತಾಗದೆ ಆಚೆ ಈಚೆ ಹೋಗಬೇಕು. ಕೈಗವಸಿನಲ್ಲಿ ನೀರು ತುಂಬಿ ಹಿಮ್ಮಡಿಗೆ ಕೊಡುವವರಿದ್ದಾರೆ, ನಡುವೆ ತೂತಿರುವ ರಬ್ಬರ್ ರಿಂಗ್ ಕೊಡುವವರೂ ಇದ್ದಾರೆ. ಎರಡೂ ಬೇಡ. ರಿಂಗ್ ತನ್ನ ಅಂಚಿನಲ್ಲಿ ಒತ್ತಿ ನಡುವಿನ ಜಾಗಕ್ಕೆ ರಕ್ತ ಹೋಗದ ಹಾಗೆ ಮಾಡುತ್ತದೆ.

ತಿರುಗಿಸುವಾಗ ಎಳೆಯಬಾರದು. ಆಸ್ಪತ್ರೆಯಲ್ಲಿ ಡ್ರಾ ಶೀಟ್ ಇರುತ್ತದೆ, ರೋಗಿಯನ್ನು ಎತ್ತಿ ಸರಿಸಲು ಮೈಯಡಿ ಹಾಸುವ ಬಟ್ಟೆ. ಮನೆಯಲ್ಲಿ ನಾನು ಅಜ್ಜಿಯ ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಹೆಗಲಿನಿಂದ ತೊಡೆಯವರೆಗೆ ಬರುವಂತೆ ಹಾಸಿದೆ. ಆ ಕಡೆ ಅಕ್ಕ, ಈ ಕಡೆ ನಾನು, ಅಂಚನ್ನು ಮೈಗೆ ಹತ್ತಿರವಾಗಿ ಸುರುಟಿ ಹಿಡಿದು, ಒಂದು ಎರಡು ಮೂರು ಹೇಳಿ ಎತ್ತಿ ಸರಿಸುವುದು. ಸೀರೆಯಲ್ಲಿ ಒಂದು ನೆರಿಗೆಯೂ ಉಳಿಯಬಾರದು. ನೆರಿಗೆ ರಾತ್ರಿಯಿಡೀ ಒತ್ತಿದರೆ ಬೆಳಿಗ್ಗೆ ಅದರದ್ದೇ ಗೆರೆ ಮೈಮೇಲೆ ಇರುತ್ತದೆ. ಒಂದು ವಾರದಲ್ಲಿ ಕೆಂಪು ಹೋಯಿತು. ಆದರೂ ಬಾಲದ ಎಲುಬು, ಸೊಂಟದ ಎರಡು ಪಕ್ಕ, ಹಿಮ್ಮಡಿ, ಕಾಲ ಗಂಟು, ಮೊಣಕೈ, ಹೆಗಲ ಹಲಗೆ, ತಲೆಯ ಹಿಂಭಾಗ, ಕಿವಿ, ಇಷ್ಟನ್ನು ದಿನಕ್ಕೆ ಎರಡು ಸಲ ನೋಡುವುದನ್ನು ನಾನು ಬಿಟ್ಟಿಲ್ಲ. ಎರಡು ಗಂಟೆ ಎಂಬುದೂ ಕಲ್ಲಿನ ಮೇಲೆ ಬರೆದ ಲೆಕ್ಕ ಅಲ್ಲ. ಕೆಲವರ ಚರ್ಮಕ್ಕೆ ಎರಡು ಗಂಟೆಯೇ ಜಾಸ್ತಿ. ಒಳ್ಳೆಯ ಹಾಸಿಗೆ, ಮೈಯಲ್ಲಿ ಮಾಂಸ ಇರುವವರಿಗೆ ರಾತ್ರಿ ಸ್ವಲ್ಪ ಉದ್ದ ಬಿಡಬಹುದು. ಚರ್ಮವೇ ಹೇಳುತ್ತದೆ.

ಇನ್ನೊಂದು ವಿಷಯ ಇದಕ್ಕಿಂತ ಮೊದಲೇ ಹೇಳಬೇಕಿತ್ತು. ಮುಟ್ಟುವ ಮೊದಲು ರೋಗಿಗೆ ಹೇಳಬೇಕು. ಅವರದ್ದೇ ಭಾಷೆಯಲ್ಲಿ ಹೇಳಬೇಕು. ನಮ್ಮ ಊರಲ್ಲಿ ಇದು ಸಣ್ಣ ಮಾತಲ್ಲ. ಒಂದು ಮನೆಯಲ್ಲಿ ಕನ್ನಡ, ಪಕ್ಕದ್ದರಲ್ಲಿ ತುಳು, ಗದ್ದೆಯ ಆಚೆ ಮಲಯಾಳ, ಗುಡ್ಡದ ಮೇಲೆ ಮರಾಠಿ, ಪೇಟೆಯಲ್ಲಿ ಕೊಂಕಣಿ, ಬ್ಯಾರಿ. ಆರೋಗ್ಯವಾಗಿರುವಾಗ ಎಲ್ಲರೂ ಮೂರು ನಾಲ್ಕು ಭಾಷೆ ಮಾತಾಡುತ್ತಾರೆ. ಮರೆವಿನ ಕಾಯಿಲೆ ಬಂದಾಗ, ಪಾರ್ಶ್ವವಾಯು ಆದಾಗ, ಆಮೇಲೆ ಕಲಿತ ಭಾಷೆ ಜಾರಿ ಬಾಲ್ಯದ್ದು ಮಾತ್ರ ಉಳಿಯುವುದನ್ನು ನಾನು ಕಂಡಿದ್ದೇನೆ. ಒಬ್ಬ ಅಜ್ಜ ಆಸ್ಪತ್ರೆಯಲ್ಲಿ ಕೈ ಬೀಸಿ ಹೊಡೆಯುತ್ತಾರೆ ಎಂದು ಅವರ ಕೈ ಕಟ್ಟಿದ್ದರಂತೆ. ನಾನು ಮನೆಗೆ ಹೋದಾಗ ತುಳುವಿನಲ್ಲಿ ಮಾತಾಡಿಸಿದೆ. "ಬಂಜಿ ಬೇನೆ" ಎಂದರು. ಹೊಟ್ಟೆ ನೋವು. ಕೆಳಹೊಟ್ಟೆ ಮುಟ್ಟಿ ನೋಡಿದರೆ ಕಲ್ಲಿನ ಹಾಗೆ ಗಟ್ಟಿ. ಆರು ದಿನದಿಂದ ಮಲ ಹೋಗಿರಲಿಲ್ಲ. ಪಾಲಿಯೇಟಿವ್ ಸಿಸ್ಟರ್, ಎಂದರೆ ದೀರ್ಘ ಕಾಯಿಲೆಯವರ ನೋವು ತೊಂದರೆ ಕಡಿಮೆ ಮಾಡಲು ಮನೆಗೆ ಬರುವ ನರ್ಸ್, ಬಂದು ಎನಿಮಾ ಕೊಟ್ಟರು. ಆಮೇಲೆ ಅಜ್ಜ ಯಾರಿಗೂ ಹೊಡೆಯಲಿಲ್ಲ.

ಮಾತು ಬಾರದವರಿಗೂ ಹೇಳುತ್ತೇನೆ. ಪ್ರಜ್ಞೆ ಇಲ್ಲದವರಿಗೂ ಹೇಳುತ್ತೇನೆ. "ಅಜ್ಜಿ, ಈಗ ಮುಖ ಒರೆಸುತ್ತೇನೆ, ನೀರು ಸ್ವಲ್ಪ ಬಿಸಿ ಉಂಟು." ನಮ್ಮ ಅಜ್ಜಿಗೆ ಪಾರ್ಶ್ವವಾಯು ಆಗಿ ಬಲಭಾಗ ಹೋಗಿತ್ತು, ಮಾತೂ ನಿಂತಿತ್ತು. ಆದರೆ ಹೇಳಿದ್ದು ಅರ್ಥವಾಗುತ್ತಿತ್ತು. ಹೇಳಿ ಮುಟ್ಟಿದರೆ ಮೈ ಸಡಿಲ ಬಿಡುತ್ತಿದ್ದರು, ಹೇಳದೆ ಮುಟ್ಟಿದರೆ ಬಿಗಿ ಹಿಡಿಯುತ್ತಿದ್ದರು. ಸಡಿಲ ಮೈಯನ್ನು ತಿರುಗಿಸಲು ಅರ್ಧ ಶ್ರಮ ಸಾಕು.

ಹಾಸಿಗೆಯಲ್ಲೇ ಸ್ನಾನ ಮಾಡಿಸುವುದು ನನಗೆ ಇಷ್ಟದ ಕೆಲಸ. ಅಜ್ಜಿಯ ಮನೆಗೆ ಸುರಂಗದ ನೀರು. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ತಾನಾಗಿ ಹರಿದು ಅಂಗಳದ ತೊಟ್ಟಿಗೆ ಬೀಳುತ್ತದೆ. ತಣ್ಣಗೆ ಕೊರೆಯುವ ನೀರು. ಅದಕ್ಕೆ ಬಚ್ಚಲ ಹಂಡೆಯ ಬಿಸಿನೀರು ಬೆರೆಸಿ ನನ್ನ ಮೊಣಕೈ ಅದ್ದಿ ನೋಡುತ್ತೇನೆ. ಅಂಗೈಯನ್ನು ನಂಬುವುದಿಲ್ಲ, ಕೆಲಸ ಮಾಡಿದ ಅಂಗೈಗೆ ಬಿಸಿ ಗೊತ್ತಾಗುವುದು ಕಡಿಮೆ. ಬಿದ್ದುಹೋದ ಭಾಗಕ್ಕೆ ಸ್ಪರ್ಶ ತಿಳಿಯದೇ ಇರಬಹುದು. ಸುಟ್ಟರೂ ಅಜ್ಜಿ ಹೇಳಲಾರರು.

ಕಿಟಕಿ ಮುಚ್ಚಿ, ಬಾಗಿಲು ಹಾಕಿ, ಫ್ಯಾನ್ ನಿಲ್ಲಿಸಿ, ಕೈ ತೊಳೆದು ಶುರು ಮಾಡುತ್ತೇನೆ. ಕೈ ತೊಳೆಯುವುದೆಂದರೆ ಸೋಪು ಹಾಕಿ ಬೆರಳ ಸಂದು, ಹೆಬ್ಬೆರಳು, ಉಗುರಿನ ತುದಿ ಎಲ್ಲ ತಿಕ್ಕಿ 40ರಿಂದ 60 ಸೆಕೆಂಡು. ಅಜ್ಜಿಯ ಮೈಮೇಲೆ ಒಂದು ದೊಡ್ಡ ಬೈರಾಸು ಹೊದೆಸಿ ಅದರ ಅಡಿಯಿಂದ ಬಟ್ಟೆ ತೆಗೆಯುತ್ತೇನೆ. ಯಾವ ಭಾಗ ಒರೆಸುತ್ತೇನೋ ಅದು ಮಾತ್ರ ಹೊರಗೆ, ಉಳಿದದ್ದು ಮುಚ್ಚಿಯೇ ಇರಬೇಕು. ಮೊದಲು ಕಣ್ಣು, ಸೋಪಿಲ್ಲದೆ. ಮೂಗಿನ ಕಡೆಯಿಂದ ಹೊರಗೆ ಒಂದೇ ಎಳೆ. ಇನ್ನೊಂದು ಕಣ್ಣಿಗೆ ಬಟ್ಟೆಯ ಇನ್ನೊಂದು ಮೂಲೆ, ಒಂದು ಕಣ್ಣಿನ ಸೋಂಕು ಇನ್ನೊಂದಕ್ಕೆ ದಾಟಬಾರದಲ್ವಾ. ಆಮೇಲೆ ಮುಖ, ಕಿವಿಯ ಹಿಂದೆ, ಕುತ್ತಿಗೆ. ಆಮೇಲೆ ದೂರದ ಕೈ, ಹತ್ತಿರದ ಕೈ. ತೊಳೆದ ಕಡೆಯ ಮೇಲೆ ಕೊಳೆ ನೀರು ತೊಟ್ಟಿಕ್ಕದಿರಲು ದೂರದ್ದೇ ಮೊದಲು. ಮುಂಗೈಯನ್ನು ಬೇಸಿನ್ನಿನೊಳಗೇ ಅದ್ದಿ ಇಡುತ್ತೇನೆ. ಅಜ್ಜಿ ಎಡಗೈಯಿಂದ ನೀರನ್ನು ಆಡಿಸುತ್ತಾ ಇರುತ್ತಿದ್ದರು, ಸುಮ್ನೆ. ಅದಕ್ಕೆಂದೇ ನಾನು ಎರಡು ನಿಮಿಷ ಜಾಸ್ತಿ ಬಿಡುತ್ತಿದ್ದೆ. ಮುದುಡಿದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅಂಗೈ ಒರೆಸಬೇಕು. ಅಲ್ಲಿ ಬೆವರು ನಿಂತು ವಾಸನೆ ಬರುತ್ತದೆ, ಉಗುರು ಚುಚ್ಚಿ ಗಾಯವಾಗುತ್ತದೆ.

ಎದೆ, ಹೊಟ್ಟೆ, ಕಾಲು, ಬೆನ್ನು. ನೀರು ತಣಿದರೆ, ಕೊಳೆಯಾದರೆ ಬದಲಿಸಬೇಕು. ಸ್ತನದ ಕೆಳಗೆ, ತೊಡೆಯ ಸಂದಿಯಲ್ಲಿ, ಕಾಲ ಬೆರಳ ನಡುವೆ ತಿಕ್ಕದೆ ಒತ್ತಿ ಒಣಗಿಸುತ್ತೇನೆ. ಪೌಡರ್ ಸುರಿಯುವುದು ನಮ್ಮವರಿಗೆ ಬಹಳ ಇಷ್ಟ. ಬೆವರಿಗೆ ಸೇರಿ ಅದು ಉಂಡೆ ಕಟ್ಟಿ ಚರ್ಮ ಕೊರೆಯುತ್ತದೆ. ಮೀನಖಂಡ ಒರೆಸುವಾಗ ಒಂದು ಕಾಲು ಮಾತ್ರ ಊದಿ ಬಿಸಿಯಾಗಿ ಕಂಡರೆ ತಿಕ್ಕಬಾರದು, ಡಾಕ್ಟರಿಗೆ ತಿಳಿಸಬೇಕು, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಗುಪ್ತಾಂಗ ಕೊನೆಗೆ, ಹೊಸ ನೀರು, ಬೇರೆ ಬಟ್ಟೆ. ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ ಮಾತ್ರ. ಈ ಹೊತ್ತಲ್ಲಿ ನಾನು ಅಜ್ಜಿಯ ಮುಖ ನೋಡಿ ಮಾತಾಡುತ್ತಿದ್ದೆ. ಅಡಿಕೆಗೆ ಏನು ರೇಟು, ದನ ಕರು ಹಾಕಿತು, ಕುಂಬಳೆಯಲ್ಲಿ ಮೀನಿಗೆ ಎಷ್ಟು, ಹೀಗೆ ಏನಾದರೂ.

ಬಟ್ಟೆ ತೊಡಿಸುವಾಗ ಬಿದ್ದುಹೋದ ಕೈ ಮೊದಲು. ತೆಗೆಯುವಾಗ ಸರಿ ಇರುವ ಕೈ ಮೊದಲು. ಇದೊಂದು ನೆನಪಿಟ್ಟರೆ ಭುಜ ಎಳೆದು ನೋಯಿಸುವುದು ತಪ್ಪುತ್ತದೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಒಂದು ಪಾಡು. ಅಡಿಕೆ ಒಣಗಿಸುವ ಅಟ್ಟದಲ್ಲಿ ಒಲೆಯ ಬಿಸಿಗೆ ಹಾಕುತ್ತಿದ್ದೆವು. ಹೊಗೆಯ ವಾಸನೆ ಬಂದರೂ ಪರವಾಗಿಲ್ಲ, ಹಸಿ ಹಾಸು ಬೇಡ.

ಊಟದ ಬಗ್ಗೆ ಹೇಳಲೇಬೇಕು. ಪಾರ್ಶ್ವವಾಯು ಆದವರು ಹುಣ್ಣಿಗಿಂತ ಬೇಗ ಕೆಮ್ಮಿನಿಂದ ಕೆಡುತ್ತಾರೆ. ಅನ್ನ ನೀರು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ನಮ್ಮಲ್ಲಿ ಕಾಯಿಲೆ ಎಂದರೆ ಕುಚ್ಚಲಕ್ಕಿ ಗಂಜಿ. ಅದರಲ್ಲೂ ಮೇಲಿನ ತಿಳಿ ಕುಡಿಸುತ್ತಾರೆ, ಸುಲಭ ಅಂತ. ನುಂಗುವ ತೊಂದರೆ ಇರುವವರಿಗೆ ತೆಳು ನೀರೇ ಬಹಳ ಕಷ್ಟ. ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುವ ಮೊದಲೇ ಅದು ಓಡಿಬಿಡುತ್ತದೆ. ಆಸ್ಪತ್ರೆಯಲ್ಲಿ ಅಜ್ಜಿಯ ನುಂಗುವಿಕೆ ನೋಡಿ ದಪ್ಪ ಆಹಾರ ಕೊಡಿ ಎಂದು ಬರೆದುಕೊಟ್ಟಿದ್ದರು. ನಾನು ಗಂಜಿಯನ್ನು ತಿಳಿಯ ಸಮೇತ ಚೆನ್ನಾಗಿ ಅರೆದು, ಚಮಚ ಓರೆ ಮಾಡಿದರೆ ಮೆಲ್ಲಗೆ ಜಾರಿ ಬೀಳುವಷ್ಟು ದಪ್ಪ ಮಾಡುತ್ತಿದ್ದೆ. ಸ್ವಲ್ಪ ತುಪ್ಪ, ಉಪ್ಪು, ಬೆಂದ ಪಚ್ಚೆಸರು ಅರೆದದ್ದು.

ನೇರ ಕೂರಿಸಿ, ಗಲ್ಲ ಸ್ವಲ್ಪ ಎದೆಯ ಕಡೆ ಬಾಗಿಸಿ, ನಾನು ಅವರ ಎದುರು ಅವರಷ್ಟೇ ಎತ್ತರದಲ್ಲಿ ಕೂರುತ್ತೇನೆ. ನಿಂತು ಉಣಿಸಿದರೆ ರೋಗಿ ತಲೆ ಎತ್ತುತ್ತಾರೆ, ಆಗ ಶ್ವಾಸನಾಳ ತೆರೆಯುತ್ತದೆ. ಚಹಾ ಚಮಚದಲ್ಲಿ ಅರ್ಧ. ಬಾಯಿಯ ಎಡಕ್ಕೆ, ಸರಿ ಇರುವ ಕಡೆಗೆ. ಗಂಟಲ ಉಬ್ಬು ಮೇಲೆ ಹೋಗಿ ಇಳಿಯುವುದನ್ನು ನೋಡಿದ ಮೇಲೇ ಮುಂದಿನ ಚಮಚ. ನಡುವೆ ದನಿ ಒದ್ದೆಯಾದ ಹಾಗೆ, ಗರಗರ ಎಂದು ಕೇಳಿದರೆ ನಿಲ್ಲಿಸುತ್ತೇನೆ. ಕೊನೆಗೆ ಬಲ ಕೆನ್ನೆಯೊಳಗೆ ನೋಡಬೇಕು. ಅನ್ನ ಅಲ್ಲಿ ಅಡಗಿ ಕೂತಿರುತ್ತದೆ, ಅವರಿಗೆ ಗೊತ್ತೇ ಆಗುವುದಿಲ್ಲ. ಮೆತ್ತನೆಯ ಬ್ರಷ್‌ನಿಂದ ಹಲ್ಲು, ನಾಲಿಗೆ, ಕೆನ್ನೆಯ ಒಳಗೆ ಶುಚಿ ಮಾಡಿ, ಅರ್ಧ ಗಂಟೆ ಹಾಗೇ ಕೂರಿಸಿ ಆಮೇಲೆ ಮಲಗಿಸುವುದು. ಒಂದು ಲೋಟ ಗಂಜಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಅಷ್ಟು ಹೊತ್ತು ಯಾರಿಗೆ ಉಂಟು ಎಂದು ಅಕ್ಕ ಕೇಳಿದ್ದರು. ಅದಕ್ಕೇ ಅಲ್ವಾ ನಾನಿರುವುದು ಎಂದೆ.

ನಳಿಗೆಗೆ ಜೋಡಿಸಿದ ಮೂತ್ರದ ಚೀಲದ ವಿಷಯದಲ್ಲಿ ತರಬೇತಿಯ ದಿನಗಳಲ್ಲೇ ಒಂದು ತಪ್ಪು ಮಾಡಿದ್ದೆ. ರೋಗಿಯನ್ನು ವೀಲ್‌ಚೇರಿನಲ್ಲಿ ಎಕ್ಸ್‌ರೇಗೆ ಕರೆದುಕೊಂಡು ಹೋಗುವಾಗ ಚೀಲವನ್ನು ಅವರ ಮಡಿಲಲ್ಲಿಟ್ಟೆ, ಕೆಳಗೆ ನೇತಾಡಿದರೆ ಚೆನ್ನಾಗಿ ಕಾಣುವುದಿಲ್ಲ ಎಂದು. ಕಾರಿಡಾರಿನಲ್ಲಿ ಒಬ್ಬರು ಹಿರಿಯ ಸಿಸ್ಟರ್ ನಿಲ್ಲಿಸಿ, ಏನೂ ಬೈಯದೆ, ನಳಿಗೆಯ ಕಡೆ ಬೆರಳು ತೋರಿಸಿದರು. ಹಳದಿ ನೀರು ಹಿಂದಕ್ಕೆ ಹರಿಯುತ್ತಿತ್ತು. ಚೀಲದೊಳಗಿನ ಕೊಳೆ ಮೂತ್ರಕೋಶಕ್ಕೆ ವಾಪಸ್. ಅಂದಿನಿಂದ ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದ ಹಾಗೆ. ನಳಿಗೆ ತಿರುಚಬಾರದು, ತೊಡೆಯ ಅಡಿಗೆ ಸಿಗಬಾರದು. ಮೂರರಲ್ಲಿ ಎರಡು ಪಾಲು ತುಂಬುವ ಮೊದಲೇ ಅಳೆದು ಖಾಲಿ ಮಾಡಿ, ಎಷ್ಟು ಎಂಎಲ್, ಯಾವ ಬಣ್ಣ ಎಂದು ಬರೆಯುತ್ತೇನೆ. ಮೂತ್ರ ಬಾರದೆ ಹೊಟ್ಟೆ ಉಬ್ಬಿದರೆ, ಕೆಂಪಾದರೆ, ಚಳಿಜ್ವರ ಬಂದರೆ ಕೂಡಲೇ ಫೋನು.

ಫೋನು ಮಾಡಲು ಯಾರಾದರೂ ಇರುವುದು ನಮ್ಮ ಭಾಗ್ಯ. ಕೋಝಿಕ್ಕೋಡಿನಲ್ಲಿ 1993ರಲ್ಲಿ ಶುರುವಾದ ಪಾಲಿಯೇಟಿವ್ ಕೆಲಸ ಊರೂರಿಗೆ ಹಬ್ಬಿತು. 2008ರಲ್ಲಿ ಕೇರಳ ಸರಕಾರ ಅದನ್ನು ನೀತಿಯಾಗಿ ಮಾಡಿತು. ಈಗ ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್, ಆಶಾ ಕಾರ್ಯಕರ್ತೆ ಜೀಪಿನಲ್ಲಿ ಮನೆಗೇ ಬರುತ್ತಾರೆ. ನಳಿಗೆ ಬದಲಿಸುತ್ತಾರೆ, ಹುಣ್ಣಿಗೆ ಡ್ರೆಸ್ಸಿಂಗ್ ಮಾಡುತ್ತಾರೆ. ಅವರು ಬಂದಾಗ ನನ್ನ ನೋಟ್‌ಬುಕ್ ಮೊದಲು ಕೈಗೆ ಕೊಡುತ್ತೇನೆ. ಜ್ವರ, ನಾಡಿ, ಬಿಪಿ, ಊಟ, ಮಲ, ಮೂತ್ರ, ಚರ್ಮ. ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ. ಬಿಪಿಯನ್ನು ಬಿದ್ದುಹೋದ ಕೈಯಲ್ಲಿ ನೋಡುವುದಿಲ್ಲ. ಉಸಿರು ಎಣಿಸುವಾಗ ಮಾತ್ರ ರೋಗಿಗೆ ಹೇಳುವುದಿಲ್ಲ. ಎಣಿಸುತ್ತಾರೆ ಎಂದು ತಿಳಿದರೆ ಉಸಿರಾಟ ಬದಲಾಗುತ್ತದೆ. ನಾಡಿ ಹಿಡಿದ ಕೈ ಹಾಗೇ ಇಟ್ಟು ಎದೆ ನೋಡುತ್ತೇನೆ.

ಎಬ್ಬಿಸಿ ಕುರ್ಚಿಗೆ ಕೂರಿಸುವುದನ್ನು ನಾನು ಸರಿಯಾಗಿ ಕಲಿತದ್ದು ಒಬ್ಬ ತಾಯಿಯಿಂದ. ಎಣ್ಮಕಜೆ, ಕುಂಬ್ಡಾಜೆ, ಬೆಳ್ಳೂರು, ಮುಳಿಯಾರು ಕಡೆಯ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ಎಲ್ಲರಿಗೂ ಗೊತ್ತು. ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿದ್ದು 2011ರಲ್ಲಿ. ಆ ಕಡೆಯ ಒಂದು ಮನೆಯಲ್ಲಿ ತಾಯಿಗೆ ಆಪರೇಷನ್ ಆದಾಗ ಅವರ ಮಗನನ್ನು ನೋಡಲು ಒಂದು ತಿಂಗಳು ಹೋಗಿದ್ದೆ. ಇಪ್ಪತ್ತು ದಾಟಿದ ಮಗ. ಹುಟ್ಟಿನಿಂದ ಕೈಕಾಲು ಬಿಗಿ. ನಾನು ಎತ್ತಲು ಹೋದಾಗ ಕಾಲು ಕತ್ತರಿಯ ಹಾಗೆ ಒಂದರ ಮೇಲೊಂದು ಏರಿ, ಬೆನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿತು. ಬಲ ಹಾಕಿದಷ್ಟೂ ಬಿಗಿ ಜಾಸ್ತಿ.

ತಾಯಿ ಪಕ್ಕದ ಮಂಚದಿಂದಲೇ ಹೇಳಿದರು. "ಅವಸರ ಮಾಡಬೇಡ ಮಗಳೇ. ಮೊದಲು ಅವನ ಹೆಸರು ಕರೆ. ಮೊಣಕಾಲು ಮೆಲ್ಲಗೆ ಮಡಿಸು, ಹೊಟ್ಟೆಯ ಕಡೆ ತಾ. ಸ್ವಲ್ಪ ಕಾಯಿ. ಅವನೇ ಬಿಡುತ್ತಾನೆ." ಹಾಗೆ ಮಾಡಿದೆ. ಅಂಗೈಯಡಿ ತೊಡೆಯ ಬಿಗಿ ಕರಗುವುದು ಗೊತ್ತಾಯಿತು, ಬೆಣ್ಣೆ ಮೆತ್ತಗಾದ ಹಾಗೆ. ಬೇಗ ಎಳೆದರೆ ಸ್ನಾಯು ಇನ್ನೂ ಬಿಗಿಯುತ್ತದೆ, ನಿಧಾನ ಮಡಿಸಿದರೆ ಸಡಿಲುತ್ತದೆ ಎಂದು ನನಗೆ ಪಾಠದಲ್ಲಿತ್ತು. ಅವರಿಗೆ ಯಾವ ಪಾಠವೂ ಇರಲಿಲ್ಲ. ದಿನಾ ಎತ್ತಿ ಇಳಿಸಿ ತಿಳಿದದ್ದು. ಅವನ ಮೈಯಲ್ಲಿ ಒಂದೇ ಒಂದು ಹಾಸಿಗೆ ಹುಣ್ಣಿನ ಗುರುತಿರಲಿಲ್ಲ. ನಾನು ಅವರಿಗೆ ಹೇಳಿಕೊಟ್ಟದ್ದು ಒಂದೇ: ಮಂಚದ ಕಾಲಿಗೆ ಹಲಗೆ ತುಂಡು ಕೊಟ್ಟು ಸೊಂಟದೆತ್ತರಕ್ಕೆ ಏರಿಸುವುದು, ಬೆನ್ನು ಬಾಗಿಸದೆ ಮೊಣಕಾಲು ಬಾಗಿಸಿ, ಮಗನನ್ನು ಮೈಗೆ ಹತ್ತಿರ ಹಿಡಿದು ಎತ್ತುವುದು. ಅವರ ಬೆನ್ನು ಅಷ್ಟು ವರ್ಷ ಸವೆದಿತ್ತು. ಇದನ್ನು ಯಾರೂ ಅವರಿಗೆ ಹೇಳಿರಲಿಲ್ಲ ಎಂಬುದು ನನಗೆ ಈಗಲೂ ಬೇಸರ.

ಅಜ್ಜಿಯನ್ನು ಕೂರಿಸುವಾಗ ಕುರ್ಚಿ ಎಡಕ್ಕೆ, ಬಲವಿರುವ ಕಡೆಗೆ. ವೀಲ್‌ಚೇರಾದರೆ ಬ್ರೇಕ್ ಹಾಕಿ, ಕಾಲಿಡುವ ಹಲಗೆ ಮೇಲೆತ್ತಿ. ಮಂಚದ ಅಂಚಲ್ಲಿ ಕೆಲವು ನಿಮಿಷ ಕೂರಿಸುತ್ತೇನೆ, ಮಲಗಿದ್ದವರು ಒಮ್ಮೆಲೇ ಎದ್ದರೆ ತಲೆ ತಿರುಗುತ್ತದೆ. ಸೊಂಟಕ್ಕೆ ಬೈರಾಸು ಸುತ್ತಿ ಅದನ್ನೇ ಹಿಡಿಯುತ್ತೇನೆ. ಬಲ ಮೊಣಕಾಲನ್ನು ನನ್ನ ಮೊಣಕಾಲಿನಿಂದ ತಡೆಯುತ್ತೇನೆ. ಕಂಕುಳಿಗೆ ಕೈ ಹಾಕಿ ಎತ್ತುವುದಿಲ್ಲ, ಬಿದ್ದುಹೋದ ಕೈ ಹಿಡಿದು ಎಳೆಯುವುದಂತೂ ಇಲ್ಲವೇ ಇಲ್ಲ. ಭುಜದ ಕೀಲು ಜಾರಿದರೆ ಆ ನೋವು ತಿಂಗಳುಗಟ್ಟಲೆ ಬಿಡುವುದಿಲ್ಲ. ಹೀಗೆ ದಿನಕ್ಕೆ ಎರಡು ಸಲ ಅಜ್ಜಿ ಚಾವಡಿಗೆ ಬಂದು ಕೂತರು. ದಿಂಬು ಪೇರಿಸಿ ಅರ್ಧ ಮಲಗಿ ನೋಡುವ ಅಗತ್ಯ ಇರಲಿಲ್ಲ.

ಮೂರನೇ ತಿಂಗಳ ಒಂದು ರಾತ್ರಿ. ನನಗೆ ಎರಡು ದಿನದಿಂದ ಸರಿ ನಿದ್ದೆ ಇರಲಿಲ್ಲ. ಮೊಬೈಲಿನ ಅಲಾರಾಂ ಹೊಡೆದದ್ದು ಕೇಳಲಿಲ್ಲ. ಟಕ್ ಟಕ್ ಎಂಬ ಸದ್ದಿಗೆ ಎಚ್ಚರವಾಯಿತು. ಕರೆಂಟ್ ಇರಲಿಲ್ಲ. ಟಾರ್ಚ್ ಹಾಕಿದರೆ ಗಂಟೆ ಎರಡೂ ಕಾಲು. ಅಜ್ಜಿ ಎಡಗೈಯ ಬಳೆಯಿಂದ ಮಂಚದ ಕಂಬಿ ಬಡಿಯುತ್ತಿದ್ದರು.

ಎದ್ದು ಹತ್ತಿರ ಹೋದೆ. "ಅಜ್ಜಿ, ಈಗ ಎಡ ಮಗ್ಗುಲು ಮಾಡುವ" ಎಂದೆ. ಸೀರೆಯ ಅಂಚು ಸುರುಟಿ ಹಿಡಿದು ನೋಡಿದರೆ, ಅವರು ಆಗಲೇ ಬಡಿಯುವುದು ಬಿಟ್ಟು ಎಡಗೈಯಿಂದ ಆ ಕಡೆಯ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದರು. ಒಂದು, ಎರಡು, ಮೂರು ಎಂದೆ. ಅಕ್ಕನನ್ನು ಎಬ್ಬಿಸಬೇಕಾಗಲಿಲ್ಲ.